ಭಂಗಾರದ ತಗಡು ಬಟ್ಟಲಾಗುವ ಬಗೆ

ಕಳೆದ ಶ್ರಾವಣದಲ್ಲಿ ಭೋಸರಿಯಲ್ಲಿ ಅಚ್ಚು ಮಾಡುವ ನಮ್ಮ ಟೂಲ್‌ರೂಮಿಗೆ ಓಣಿಯ ಅಕ್ಕ ಒಬ್ಬರು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಇಂಡಿ ತಾಲೂಕಿನ ಕಡೆಯವರು, ಪುಣೆಗೆ ಬಂದು ಹದಿನೈದು ವರ್ಷವಾಗಿದೆ. ನಾಲ್ಕೈದು ಹೆಂಗಸರ ಜೊತೆ ಸೇರಿ ದೀಪಾವಳಿಗೆ ಟೀ ಲೈಟ್ ಮಾಡಿ ಮಾರುತ್ತಾರೆ. ಅಲ್ಯೂಮಿನಿಯಂ ಬಟ್ಟಲಿನಲ್ಲಿ ಮೇಣ ತುಂಬಿದ ಪುಟ್ಟ ದೀಪ. ಬಟ್ಟಲು ಕೊಂಡು ತಂದರೆ ಲಾಭವೆಲ್ಲ ಅದಕ್ಕೇ ಹೋಗುತ್ತದೆಂದು ಕೈಯಿಂದ ತಿರುಗಿಸಿ ಒತ್ತುವ ಹಳೆಯದೊಂದು ಹ್ಯಾಂಡ್ ಪ್ರೆಸ್ ಮತ್ತು ಅದರ ಅಚ್ಚು, ಅಂದರೆ ಡೈ, ಕೊಂಡಿದ್ದರು. ಭಂಗಾರದ, ಅಂದರೆ ಗುಜರಿಯ, ಅಂಗಡಿಯಿಂದ ತಗಡು ತಂದು ತಾವೇ ಒತ್ತಿದ್ದರು. ಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದಾಗ ಮೂವತ್ತು ನಲವತ್ತು ಬಟ್ಟಲು ಉರುಳಿದವು. ಕೆಲವಕ್ಕೆ ತಳ ಹರಿದಿತ್ತು. ಕೆಲವಕ್ಕೆ ಗೋಡೆ ಸುಕ್ಕುಗಟ್ಟಿತ್ತು. ಉಳಿದವಕ್ಕೆ ಬಾಯಂಚು ಸೀಳಿತ್ತು.

"ಅಣ್ಣಾರ, ಭಂಗಾರದ ಪತ್ರಾ ಅಂತ ಹಿಂಗ ಆಗೇದೇನ್ರಿ? ಹೊಸಾದು ತರಬೇಕೇನು?"

ಭಂಗಾರದ ತಪ್ಪಲ್ಲ ಎಂದೆ. ಅಲ್ಯೂಮಿನಿಯಂ ಹಳೆಯದಾದ ಮಾತ್ರಕ್ಕೆ ಕೆಡುವ ಲೋಹವಲ್ಲ. ಆ ತಗಡು ಹಿಂದೆ ಯಾವ ಕೆಲಸಕ್ಕೆ ಹೋಗಿತ್ತು, ಎಷ್ಟು ಒತ್ತಿಸಿಕೊಂಡಿತ್ತು ಎಂಬುದು ಗೊತ್ತಿಲ್ಲದೆ ಡೈ ಕೆಳಗೆ ಇಟ್ಟರೆ ಹೀಗಾಗುತ್ತದೆ. ಚೀಲದಲ್ಲಿದ್ದ ಮೂರು ಬಗೆಯ ಹಾಳು ಬಟ್ಟಲು ಮೂರು ಬೇರೆ ಬೇರೆ ಕಾರಣ ಹೇಳುತ್ತಿದ್ದವು. ಅಂದು ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಪ್ರೆಸ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದರೂ ಚಪ್ಪಟೆ ತಗಡೊಂದು ಬೆಸುಗೆಯಿಲ್ಲದೆ ಬಟ್ಟಲಾಗುವುದನ್ನು ನೋಡಿದರೆ ನನಗೆ ಇಂದಿಗೂ ಹಿಗ್ಗಾಗುತ್ತದೆ.

ಮೊದಲು, ಬಟ್ಟಲು ಯಾಕೆ ಒಂದೇ ತುಂಡಾಗಿರಬೇಕು? ಟೀ ಲೈಟ್ ಉರಿಯುವಾಗ ಮೇಣವೆಲ್ಲ ಕರಗಿ ನೀರಾಗುತ್ತದೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡುವುದರಿಂದ ಅಂಚಿನ ಮೇಣವೂ ಕರಗಿ ಬತ್ತಿಗೆ ಸಿಗುತ್ತದೆ, ಕೊನೆಯ ಹನಿಯವರೆಗೂ ದೀಪ ಉರಿಯುತ್ತದೆ. ಅದೇ ಬಟ್ಟಲಿಗೆ ಕೂದಲೆಳೆಯಷ್ಟು ಸೀಳಿದ್ದರೂ ಬಿಸಿ ಮೇಣ ಕೆಳಗಿನ ಬಟ್ಟೆಗೋ ರಂಗೋಲಿಯ ಹೂವಿಗೋ ಇಳಿಯುತ್ತದೆ. ಹಬ್ಬದ ಮನೆಯಲ್ಲಿ ಅದು ಬೆಂಕಿಯ ಮಾತು. ಸೀಳಿದ ಬಟ್ಟಲನ್ನು ಅಗ್ಗಕ್ಕೂ ಮಾರಬೇಡಿ ಎಂದು ಅಕ್ಕನಿಗೆ ಮೊದಲೇ ಹೇಳಿದೆ.

ಈಗ ದೊನ್ನೆಯನ್ನು ನೆನಪಿಸಿಕೊಳ್ಳಿ. ದುಂಡನೆಯ ಎಲೆಯನ್ನು ಬಟ್ಟಲಿನಂತೆ ಎತ್ತಬೇಕಾದರೆ ಅಂಚಿನಲ್ಲಿ ಮಡಿಕೆ ಹಾಕಲೇಬೇಕು. ಎಲೆಯ ಅಂಚಿನ ಸುತ್ತಳತೆ ದೊಡ್ಡದು, ದೊನ್ನೆಯ ಬಾಯಿ ಚಿಕ್ಕದು; ಹೆಚ್ಚಾದದ್ದು ಮಡಿಕೆಯೊಳಗೆ ಹೋಗುತ್ತದೆ. ಮೋದಕದ ಮೇಲಿನ ನೆರಿಗೆಯೂ ಇದೇ ಲೆಕ್ಕ. ಲೋಹಕ್ಕೆ ಮಾತ್ರ ಇನ್ನೊಂದು ದಾರಿ ಇದೆ. ಅದು ಮಡಿಯದೆ ನೀರಿನಂತೆ ಹರಿಯಬಲ್ಲದು.

ಅಕ್ಕನ ಬಟ್ಟಲಿನ ಅಳತೆಯನ್ನೇ ತೆಗೆದುಕೊಳ್ಳೋಣ. ಅಗಲ 38 ಮಿಲಿಮೀಟರ್, ಎತ್ತರ 16. ಈ ಹದಿನಾರರಲ್ಲಿ 2 ಮಿಲಿಮೀಟರ್ ಕೊನೆಗೆ ಕತ್ತರಿಸಿ ಬಿಡಲಿಕ್ಕೆ. ಇದಕ್ಕೆ ತಗಡಿನಿಂದ ಎಷ್ಟು ದೊಡ್ಡ ದುಂಡು ಬಿಲ್ಲೆ ಕತ್ತರಿಸಬೇಕು? ತಗಡಿನ ದಪ್ಪ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ ಎಂದುಕೊಂಡರೆ ಬಿಲ್ಲೆಯ ವಿಸ್ತೀರ್ಣ, ತಳ ಮತ್ತು ಗೋಡೆಯ ವಿಸ್ತೀರ್ಣಕ್ಕೆ ಸಮ. ಬಟ್ಟಲಿನ ವ್ಯಾಸದ ವರ್ಗಕ್ಕೆ ವ್ಯಾಸ ಮತ್ತು ಎತ್ತರದ ಗುಣಲಬ್ಧದ ನಾಲ್ಕು ಪಟ್ಟು ಕೂಡಿಸಿ ವರ್ಗಮೂಲ ತೆಗೆಯಬೇಕು. 38ರ ವರ್ಗ 1444. 38 ಗುಣಿಸು 16, ಮತ್ತೆ ಗುಣಿಸು 4, ಅಂದರೆ 2432. ಒಟ್ಟು 3876. ಇದರ ವರ್ಗಮೂಲ ಸುಮಾರು 62.3. ಬಿಲ್ಲೆಯ ವ್ಯಾಸ ಅಷ್ಟು.

ಈ ಲೆಕ್ಕದೊಳಗೆ ಒಂದು ಸೋಜಿಗ ಅಡಗಿದೆ. ಬಿಲ್ಲೆಯಲ್ಲಿ ತಳದ ಸುತ್ತ ಉಳಿಯುವ ಉಂಗುರದ ಅಗಲ ಬರೀ 12 ಮಿಲಿಮೀಟರ್ ಚಿಲ್ಲರೆ. ಆ ಉಂಗುರವನ್ನು ಸುಮ್ಮನೆ ಮೇಲೆತ್ತಿ ನಿಲ್ಲಿಸಿದರೆ ಗೋಡೆ 12 ಮಿಲಿಮೀಟರ್ ಆಗಬೇಕಿತ್ತು. ಆದರೆ ನಮಗೆ ಸಿಗುವುದು 16. ಉಳಿದ ನಾಲ್ಕು ಎಲ್ಲಿಂದ ಬಂತು? ಬಿಲ್ಲೆಯ ಹೊರ ಅಂಚಿನ ಸುತ್ತಳತೆ 196 ಮಿಲಿಮೀಟರ್, ಬಟ್ಟಲಿನ ಬಾಯಿಯ ಸುತ್ತಳತೆ 119. ಅಂಚು ಒಳಗೆ ಜಾರುತ್ತ ಬಂದಂತೆ 77 ಮಿಲಿಮೀಟರ್ ಜಾಗ ಕಳೆದುಕೊಳ್ಳುತ್ತದೆ. ಎಲೆಯಾಗಿದ್ದರೆ ಅಷ್ಟೂ ಮಡಿಕೆಯಾಗುತ್ತಿತ್ತು. ಲೋಹ ಪಕ್ಕದಿಂದ ಒತ್ತಿಸಿಕೊಂಡು ಉದ್ದುದ್ದ ಹರಿದು ಗೋಡೆಯ ಎತ್ತರವಾಗುತ್ತದೆ. ಡ್ರಾಯಿಂಗ್, ಅಂದರೆ ಎಳೆಯುವುದು, ಎಂದು ಕಾರ್ಖಾನೆಯಲ್ಲಿ ಕರೆಯುವ ಕೆಲಸದ ಜೀವ ಇದೇ. ಮೇಲಿನಿಂದ ಇಳಿದು ತಗಡನ್ನು ಡೈಯೊಳಗೆ ತಳ್ಳುವ ಪಂಚ್ ಎಂಬ ಗೂಟ ತಗಡನ್ನು ಹಿಗ್ಗಿಸುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹಿಗ್ಗಿಸಿದರೆ ಸೀಳಿಯೇ ಹೋಗುತ್ತದೆ. ಪಂಚ್ ತಳವನ್ನು ಹಿಡಿದು ಕೆಳಗೆ ಇಳಿಯುತ್ತದೆ, ಹೊರಗಿನ ಉಂಗುರ ಒಳಗೆ ಹರಿದು ಬರಬೇಕು. ಹರಿದು ಬರುವಷ್ಟು ಮೆತ್ತಗೂ ಇರಬೇಕು, ಅದಕ್ಕೆ ದಾರಿಯೂ ಬೇಕು.

ಮೆತ್ತಗಿರುವ ಮಾತು ಬಂತಲ್ಲ, ಭಂಗಾರಕ್ಕೆ ಬರೋಣ.

ಅಕ್ಕ ತಂದಿದ್ದ ತಗಡಿನಲ್ಲಿ ಎರಡು ಬಗೆ ಇತ್ತು. ಒಂದು, ತಂಪು ಪಾನೀಯದ ಡಬ್ಬಿ ಸೀಳಿ ಚಪ್ಪಟೆ ಮಾಡಿದ್ದು. ಅದನ್ನು ನೋಡಿದೊಡನೆ ಬದಿಗಿಟ್ಟೆ. ಡಬ್ಬಿಯ ಗೋಡೆಯನ್ನು ಕಾರ್ಖಾನೆಯಲ್ಲಿ ಮೊದಲು ಬಟ್ಟಲು ಮಾಡಿ, ಆಮೇಲೆ ಉಂಗುರಗಳ ನಡುವೆ ಹಿಂಡಿ ಹಿಂಡಿ ಸುಮಾರು 0.1 ಮಿಲಿಮೀಟರಿಗೆ ಇಳಿಸಿರುತ್ತಾರೆ. ಹಿಂಡಿಸಿಕೊಂಡ ಲೋಹ ಬಹಳ ಗಟ್ಟಿ. ಜೊತೆಗೆ ಹೊರಗೆ ಬಣ್ಣ, ಒಳಗೆ ಲೇಪ. ಬಿಸಿ ಮಾಡಿದರೆ ಕೆಟ್ಟ ಹೊಗೆ. ಅದು ಕರಗಿಸುವವರ ಕೈಗೇ ಹೋಗಬೇಕಾದ ಮಾಲು, ಹಾಗೆ ಹೋದರೆ ನಷ್ಟವೂ ಇಲ್ಲ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಲ್ಲಿ ಹಳೆಯದನ್ನು ಕರಗಿಸಿ ಮತ್ತೆ ಲೋಹ ಮಾಡಬಹುದು. ಪುಣೆಯಿಂದ ಊರಿಗೆ ಹೋಗುವಾಗ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯನ್ನು ನೋಡಿದವರಿರುತ್ತೀರಿ. ಅಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವುದು ಅಲ್ಯೂಮಿನಾ ಎಂಬ ಬಿಳಿ ಪುಡಿ. ಅದನ್ನು ವಿದ್ಯುತ್ತಿನಿಂದ ಒಡೆದು ಲೋಹ ಮಾಡುವುದೇ ದುಬಾರಿ ಹಂತ. ಭಂಗಾರದ ಪ್ರತಿ ತುಂಡು ಆ ಹಂತವನ್ನು ಒಮ್ಮೆ ದಾಟಿ ಬಂದಿದೆ. ಅದಕ್ಕೇ ಅದನ್ನು ಹಗುರಾಗಿ ಕಾಣಬಾರದು ಎನ್ನುತ್ತೇನೆ.

ಎರಡನೆಯ ಬಗೆ ಒಳ್ಳೆಯ ಮಾಲು. ಅವು ಆಫ್‌ಸೆಟ್ ಮುದ್ರಣದ ಹಳೆಯ ಪ್ಲೇಟುಗಳು. ಪುಣೆಯ ಪೇಠೆಗಳಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ, ಆದ್ದರಿಂದ ಇವು ಗುಜರಿಯಲ್ಲಿ ಸಿಗುತ್ತವೆ. ಬಹುಮಟ್ಟಿಗೆ ಶುದ್ಧ ಅಲ್ಯೂಮಿನಿಯಂ, ದಪ್ಪ 0.15ರಿಂದ 0.3 ಮಿಲಿಮೀಟರ್, ಎಲ್ಲ ಕಡೆ ಒಂದೇ ಸಮ. ಅಕ್ಕ ತಂದ ಒಂದು ಪ್ಲೇಟಿನ ಮೇಲೆ ಯಾರದೋ ಮದುವೆಯ ಕಾರ್ಡು ಸರಾಗ ಓದುವಂತಿತ್ತು. ಅಕ್ಷರ ತಿರುಗುಮುರುಗಾಗಿರಬೇಕಲ್ಲವೇ ಎಂದು ಅವರು ಕೇಳಿದರು. ಆಫ್‌ಸೆಟ್‌ನಲ್ಲಿ ಶಾಯಿ ಪ್ಲೇಟಿನಿಂದ ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ ಹೋಗುತ್ತದೆ. ಎರಡು ಸಲ ತಿರುಗುವುದರಿಂದ ಪ್ಲೇಟಿನ ಮೇಲೆ ನೇರವಾಗಿಯೇ ಇರಬೇಕು.

ಈ ಪ್ಲೇಟಿನಲ್ಲಿ ಗಮನಿಸಬೇಕಾದ್ದು ಎರಡು. ಮುದ್ರಣದ ಮುಖವನ್ನು ಬೇಕೆಂದೇ ತರಿತರಿ ಮಾಡಿ, ಅದರ ಮೇಲೆ ಆಕ್ಸೈಡಿನ ಗಟ್ಟಿ ಪದರ ಬೆಳೆಸಿರುತ್ತಾರೆ. ಈ ಆಕ್ಸೈಡು ಸಾಣೆ ಹಿಡಿಯುವ ಪುಡಿಯ ಜಾತಿಯದೇ. ಡೈ ಮೇಲೆ ಉಜ್ಜಿದರೆ ಉಕ್ಕನ್ನೂ ಸವೆಸುತ್ತದೆ. ಹಾಗಾಗಿ ಆ ಮುಖ ಪಂಚ್ ಕಡೆಗೆ, ಅಂದರೆ ಬಟ್ಟಲಿನ ಒಳಗೆ ಬರುವಂತೆ ಇಡಬೇಕು. ನುಣುಪಾದ ಹಿಂಬದಿ ಡೈ ಕಡೆಗಿರಲಿ. ಉಳಿದ ಶಾಯಿಯನ್ನು ಒರೆಸಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಇಂಥ ತಗಡಿನಿಂದ ತಿನ್ನುವ ಪದಾರ್ಥಕ್ಕೆ ಪಾತ್ರೆ ಮಾಡುವ ಯೋಚನೆ ಬೇಡವೇ ಬೇಡ.

ಇನ್ನೊಂದು ಸಂಗತಿ ಗಟ್ಟಿತನ. ಮುದ್ರಣ ಯಂತ್ರದಲ್ಲಿ ಬಿಗಿದಾಗ ಪ್ಲೇಟು ಹಿಗ್ಗಬಾರದೆಂದು ಅದನ್ನು ತಣ್ಣಗಿರುವಾಗಲೇ ರೋಲರಿನಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಪಟ್ಟಿಯೊಂದನ್ನು ಕತ್ತರಿಸಿ ಬೆರಳಿನಿಂದ ಬಗ್ಗಿಸಿ ನೋಡಿ. ಸ್ಪ್ರಿಂಗಿನಂತೆ ಪುಟಿದು ನಿಂತರೆ ಗಟ್ಟಿ. ಬಗ್ಗಿಸಿದಲ್ಲೇ ಸುಮ್ಮನೆ ಕೂತರೆ ಮೆತ್ತಗಿದೆ. ಅಕ್ಕನ ತಗಡು ಪುಟಿಯುತ್ತಿತ್ತು. ಬಾಯಂಚು ಸೀಳಿದ ಬಟ್ಟಲುಗಳ ಕಾರಣ ಅಲ್ಲೇ ಸಿಕ್ಕಿತು.

ಒತ್ತಿದರೆ ಲೋಹ ಗಟ್ಟಿಯಾಗುವುದು ಯಾಕೆ? ಲೋಹದೊಳಗೆ ಪರಮಾಣುಗಳು ಸಣ್ಣ ಸಣ್ಣ ಹರಳುಗಳಾಗಿ ಸಾಲುಸಾಲು ಕೂತಿವೆ, ಆ ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ಲೋಪಗಳಿವೆ. ತಗಡು ಬಗ್ಗುವುದೆಂದರೆ ಈ ಲೋಪಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು. ಬಗ್ಗಿಸಿದಷ್ಟೂ ಹೊಸ ಲೋಪಗಳು ಹುಟ್ಟುತ್ತವೆ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಗೆ ಬೆಳಿಗ್ಗೆ ಹೋದರೆ ಹೇಗೋ ದಾಟಬಹುದು. ಸಂಜೆಗೆ ನಾಲ್ಕು ಕಡೆಯಿಂದ ಜನ ನುಗ್ಗಿ ಯಾರೂ ಅಲುಗಾಡದಂತಾಗುತ್ತದೆ. ಲೋಹದೊಳಗೂ ಹಾಗೆ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ. ಇನ್ನು ಬಗ್ಗಲಾರದು, ಬಲವಂತ ಮಾಡಿದರೆ ಸೀಳುತ್ತದೆ.

ಬಿಡಿಸುವ ಉಪಾಯ ಕಸಬಾ ಪೇಠೆಯ ತಾಂಬಟ್ ಆಳಿ ಎಂಬ ಓಣಿಯ ತಾಮ್ರ ಬಡಿಯುವವರಿಗೆ ತಲೆತಲಾಂತರದಿಂದ ಗೊತ್ತು. ತಾಮ್ರದ ಹಂಡೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ಕೊನೆಯಲ್ಲಿ ಮೈತುಂಬ ಹಾಕುವ ಸುತ್ತಿಗೆಯ ಗುರುತು ಅಂದಕ್ಕಷ್ಟೇ ಅಲ್ಲ, ಪಾತ್ರೆಯನ್ನು ಗಟ್ಟಿ ಮಾಡಲಿಕ್ಕೂ ಹೌದು. ಕಾಯಿಸಿದಾಗ ಸಿಕ್ಕುಬಿದ್ದ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ, ಜಾರಲು ಮತ್ತೆ ದಾರಿಯಾಗುತ್ತದೆ.

ತಾಮ್ರ ಕಾದರೆ ಕೆಂಪಾಗಿ ಹೇಳುತ್ತದೆ. ಅಲ್ಯೂಮಿನಿಯಂ ಹೇಳುವುದಿಲ್ಲ. 660 ಡಿಗ್ರಿಗೆ ಕರಗುವ ಈ ಲೋಹ ಹಗಲು ಬೆಳಕಿನಲ್ಲಿ ಕಣ್ಣಿಗೆ ಕೆಂಪು ಕಾಣುವ ಮೊದಲೇ ಕುಸಿದು ಬೀಳುತ್ತದೆ. ನಮಗೆ ಬೇಕಾದ್ದು 350 ಡಿಗ್ರಿಯ ಆಸುಪಾಸು. ಅದಕ್ಕೆ ತಗಡು ಕೆಲಸದವರ ಹಳೆಯ ಉಪಾಯ ಸಾಬೂನು. ಬಿಲ್ಲೆಯ ಮೇಲೆ ಬಟ್ಟೆ ಸಾಬೂನಿನಿಂದ ಗೀರು ಎಳೆದು ಹಿಂಬದಿಯಿಂದ ಬರ್ನರಿನ ಉರಿಯನ್ನು ಆಡಿಸುತ್ತ ಕಾಯಿಸಬೇಕು. ಗೀರು ಕಂದಾಗಿ ಕಪ್ಪಿಗೆ ತಿರುಗಿದೊಡನೆ ಉರಿ ತೆಗೆಯಬೇಕು. 0.3 ಮಿಲಿಮೀಟರ್ ತಗಡಿಗೆ ಇದು ಕ್ಷಣದ ಕೆಲಸ, ಒಂದು ಕಡೆ ಉರಿ ನಿಲ್ಲಿಸಿದರೆ ತೂತು. ನೂರಾರು ಬಿಲ್ಲೆ ಇದ್ದರೆ ಕುಲುಮೆ ಇರುವ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಜೋಡಿಸಿ ಕೊಡುವುದೇ ಮೇಲು. ಮಿತಿ ಮೀರಿ ಕಾಯಿಸಿದರೂ ಕೇಡು. ಹರಳುಗಳು ದೊಡ್ಡದಾಗಿ ಬೆಳೆದು, ಒತ್ತಿದ ಬಟ್ಟಲಿನ ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ.

ಕಾಯಿಸುವುದು ಬಿಲ್ಲೆ ಕತ್ತರಿಸುವ ಮೊದಲೋ ಆಮೇಲೋ? ಆಮೇಲೆ ಎನ್ನುತ್ತೇನೆ. ಗಟ್ಟಿ ತಗಡು ಚೊಕ್ಕವಾಗಿ ಕತ್ತರಿಸುತ್ತದೆ, ಮೆತ್ತನೆಯದು ಅಂಚಿನಲ್ಲಿ ಎಳೆದು ಬರ್ ಎಂಬ ಒರಟು ಎಳೆ ಬಿಡುತ್ತದೆ. ಒಂದೇ ಏಟಿಗೆ ಬಿಲ್ಲೆಯನ್ನೂ ಕತ್ತರಿಸಿ ಬಟ್ಟಲನ್ನೂ ಮಾಡುವ ಜೋಡಿ ಡೈಗಳಿವೆ, ದೊಡ್ಡ ಕಾರ್ಖಾನೆಗಳು ಅವನ್ನೇ ಬಳಸುತ್ತವೆ. ಅವಕ್ಕೆ ಮೊದಲೇ ಮೆತ್ತಗಿರುವ ಹೊಸ ತಗಡಿನ ಸುರುಳಿ ಸಿಗುತ್ತದೆ. ಗುಜರಿಯ ತಗಡಿಗೆ ಎರಡು ಡೈ, ನಡುವೆ ಬೆಂಕಿ, ಇದೇ ಸರಿಯಾದ ದಾರಿ.

ಬಿಲ್ಲೆ ಕತ್ತರಿಸುವ ಡೈ ನೋಡಲು ಸರಳ: ಒಂದು ತೂತು, ಅದರೊಳಗೆ ಇಳಿಯುವ ಪಂಚ್. ಆದರೆ ಪಂಚ್ ತಗಡನ್ನು ಈ ಕೊನೆಯಿಂದ ಆ ಕೊನೆಯವರೆಗೆ ಕೊಯ್ಯುವುದಿಲ್ಲ. ಸ್ವಲ್ಪ ದೂರ ಕೊಯ್ದ ಮೇಲೆ ಪಂಚ್ ಅಂಚಿನಿಂದ ಒಂದು ಬಿರುಕು, ಡೈ ಅಂಚಿನಿಂದ ಒಂದು ಬಿರುಕು ಹೊರಟು ನಡುವೆ ಕೂಡುತ್ತವೆ. ಅವು ಸರಿಯಾಗಿ ಕೂಡುವಷ್ಟು ಸಂದು ಬೇಕು. ಅದೇ ಕ್ಲಿಯರೆನ್ಸ್. ಈ ತಗಡಿಗೆ ದಪ್ಪದ ಶೇ. 7 ಅಥವಾ 8, ಅಂದರೆ ಒಂದೊಂದು ಬದಿಗೆ 0.02 ಮಿಲಿಮೀಟರ್ ಚಿಲ್ಲರೆ. ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಬಿಲ್ಲೆಯ ಅಳತೆ ಬರುವುದು ಡೈಯಿಂದ; ಆದ್ದರಿಂದ ಡೈ 62.3 ಇಟ್ಟು ಕ್ಲಿಯರೆನ್ಸನ್ನು ಪಂಚ್‌ನಲ್ಲಿ ಕಳೆಯಬೇಕು. ತೂತೇ ಬೇಕಾದ ಕೆಲಸಕ್ಕೆ ಇದು ಉಲ್ಟಾ. ನಮ್ಮಲ್ಲಿ ಕಲಿಯಲು ಬಂದ ಹುಡುಗರು ಮೊದಲು ತಪ್ಪುವುದು ಇಲ್ಲೇ.

ಬೇಕಾಗುವ ಬಲವನ್ನೂ ಲೆಕ್ಕ ಹಾಕಬಹುದು. ಸುತ್ತಳತೆ 196, ದಪ್ಪ 0.3, ಕೊಯ್ಯಬೇಕಾದ ಲೋಹ ಸುಮಾರು 59 ಚದರ ಮಿಲಿಮೀಟರ್. ಗಟ್ಟಿ ಮಾಡಿದ ಶುದ್ಧ ಅಲ್ಯೂಮಿನಿಯಂಗೆ ಒಂದು ಚದರ ಮಿಲಿಮೀಟರಿಗೆ ಸುಮಾರು 9 ಕೆಜಿ ಹಿಡಿದರೆ ಅರ್ಧ ಟನ್ನಿನ ಹತ್ತಿರ. ಬಟ್ಟಲು ಎಳೆಯಲು ಇದಕ್ಕಿಂತಲೂ ಕಡಿಮೆ ಸಾಕು. ಅಕ್ಕನ ಹ್ಯಾಂಡ್ ಪ್ರೆಸ್ಸಿಗೆ ಇದು ಭಾರವೇ ಅಲ್ಲ. ಅರ್ಧ ಟನ್ ಬೆರಳಿಗೆ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಒಬ್ಬರು ತಗಡು ಇಡುವುದು, ಇನ್ನೊಬ್ಬರು ಹಿಡಿಕೆ ತಿರುಗಿಸುವುದು ಎಂಬ ಪದ್ಧತಿಯನ್ನು ನಾನು ಅಂದೇ ನಿಲ್ಲಿಸಿದೆ. ಒಬ್ಬರೇ ಎರಡೂ ಮಾಡಬೇಕು, ತಗಡನ್ನು ಉದ್ದನೆಯ ಚಿಮಟದಿಂದ ಇಡಬೇಕು.

ತಗಡಿನ ಮೇಲೆ ಬಿಲ್ಲೆಗಳನ್ನು ಹೇಗೆ ಜೋಡಿಸುತ್ತೀರಿ ಎಂಬುದರಲ್ಲೂ ದುಡ್ಡಿದೆ. 510ಕ್ಕೆ 400 ಮಿಲಿಮೀಟರ್ ಪ್ಲೇಟಿನಲ್ಲಿ ನೇರ ಸಾಲಾಗಿ, ಬಿಲ್ಲೆಗಳ ನಡುವೆ 1.2 ಮಿಲಿಮೀಟರ್ ಬಿಟ್ಟು ಕತ್ತರಿಸಿದರೆ 48 ಬರುತ್ತವೆ. ಒಂದು ಸಾಲಿನ ಸಂದಿಗೆ ಮುಂದಿನ ಸಾಲು ಕೂರುವಂತೆ, ಜೇನುಗೂಡಿನ ಹಾಗೆ ಇಟ್ಟರೆ 53. ಒಂದು ಬಿಲ್ಲೆಯ ತೂಕ ಎರಡೂವರೆ ಗ್ರಾಂ.

ಇನ್ನು ಬಟ್ಟಲಿನ ಡೈ. ಇಲ್ಲಿ ಅಂಚು ಚೂಪಾಗಿರಬಾರದು. ತಗಡು ಹರಿದು ಇಳಿಯುವ ಡೈ ಬಾಯಿಗೆ ಸುಮಾರು 2 ಮಿಲಿಮೀಟರ್ ದುಂಡು ಕೊಟ್ಟು ಕನ್ನಡಿಯಂತೆ ಉಜ್ಜಬೇಕು. ಪಂಚ್ ಮೂಗಿಗೂ ದುಂಡು ಬೇಕು. ಅಕ್ಕನ ಡೈಯನ್ನು ಯಾರೋ ಸಾಣೆ ಹಿಡಿದು ಚೂಪು ಮಾಡಿ ಮಾರಿದ್ದರು, ಕತ್ತರಿಸುವ ಡೈ ಎಂದುಕೊಂಡಿರಬೇಕು. ಚೂಪು ಅಂಚಿನ ಮೇಲೆ ತಗಡು ಜಾರಲಾರದು. ಉಂಗುರ ಒಳಗೆ ಬರದೆ ನಿಂತುಬಿಟ್ಟರೆ ಪಂಚ್ ಇಳಿಯುತ್ತಲೇ ಇರುತ್ತದೆ, ಹಿಗ್ಗುವುದು ತಳದ ಮೂಲೆ, ಹರಿಯುವುದೂ ಅಲ್ಲೇ. ತಳ ಹರಿದ ಬಟ್ಟಲುಗಳು ಹೇಳುತ್ತಿದ್ದ ಮಾತು ಅದು.

ಸುಕ್ಕಿನ ಕಾರಣ ಇದಕ್ಕೆ ಸರಿ ವಿರುದ್ಧ. ಉಂಗುರ ಪಕ್ಕದಿಂದ ಒತ್ತಿಸಿಕೊಳ್ಳುವಾಗ, ಮೇಲೆ ಯಾರೂ ಹಿಡಿದಿಲ್ಲವಾದರೆ ತೆಳು ತಗಡು ಎಲೆಯಂತೆ ನೆರಿಗೆಯಾಗಿ ಏಳುತ್ತದೆ. ಅದನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಲು ಬ್ಲ್ಯಾಂಕ್ ಹೋಲ್ಡರ್ ಎಂಬ ಉಂಗುರ ಬೇಕು, ಅದರ ಹಿಂದೆ ಸ್ಪ್ರಿಂಗ್. ಬಹಳ ಬಿಗಿಯಾಗಿ ಹಿಡಿದರೆ ತಗಡು ಜಾರದೆ ತಳ ಹರಿಯುತ್ತದೆ. ಸಡಿಲ ಬಿಟ್ಟರೆ ಸುಕ್ಕು. ಈ ನಡುವಿನ ಹದ ಕೈಗೆ ಬಂದರೆ ಮುಕ್ಕಾಲು ಕೆಲಸ ಬಂದಂತೆ. ನಾನು ಮಾಡುವುದು ಹೀಗೆ: ಸ್ಪ್ರಿಂಗಿನ ನಟ್ಟನ್ನು ಸಡಿಲದಿಂದ ಶುರುಮಾಡಿ, ಒಂದೊಂದು ಬಟ್ಟಲಿಗೆ ಕಾಲು ಸುತ್ತು ಬಿಗಿಯುತ್ತ ಹೋಗುತ್ತೇನೆ. ಸುಕ್ಕು ಮಾಯವಾದ ಜಾಗಕ್ಕೆ ಇನ್ನು ಸ್ವಲ್ಪವೇ ಸೇರಿಸಿ ನಿಲ್ಲಿಸುತ್ತೇನೆ. ಅಕ್ಕನ ಡೈಯಲ್ಲಿ ಹೋಲ್ಡರ್ ಇತ್ತು, ಎರಡು ಸ್ಪ್ರಿಂಗ್ ಮುರಿದಿದ್ದವು. ಸುಕ್ಕೆಲ್ಲ ಒಂದೇ ಮಗ್ಗುಲಿಗೆ ಬಂದಿದ್ದು ಅದಕ್ಕೇ.

ಪಂಚ್ ಮತ್ತು ಡೈ ಗೋಡೆಯ ನಡುವೆ ಇಲ್ಲಿ ತಗಡಿನ ದಪ್ಪಕ್ಕಿಂತ ಶೇ. 10ರಷ್ಟು ಹೆಚ್ಚು ಜಾಗ ಬೇಕು, ಒಂದು ಬದಿಗೆ 0.33 ಮಿಲಿಮೀಟರ್. ಬಾಯಿಯ ಹತ್ತಿರ ಲೋಹ ಸ್ವಲ್ಪ ದಪ್ಪವಾಗುತ್ತದೆ, ಅದಕ್ಕೆ ಎಡೆಯಿರಲಿ. ಬಿಲ್ಲೆ ಬಟ್ಟಲಿಗಿಂತ ಎಷ್ಟು ದೊಡ್ಡದಿರಬಹುದು ಎಂಬುದಕ್ಕೂ ಮಿತಿ ಇದೆ. 1.8 ಪಟ್ಟಿನೊಳಗಿದ್ದರೆ ಒಂದೇ ಏಟಿಗೆ ನೆಮ್ಮದಿಯಾಗಿ ಬರುತ್ತದೆ. ನಮ್ಮದು 1.64.

ಅಲ್ಯೂಮಿನಿಯಂಗೆ ಉಕ್ಕಿಗೆ ಅಂಟಿಕೊಳ್ಳುವ ಚಟ. ಎಣ್ಣೆ ಇಲ್ಲದೆ ಹತ್ತು ಬಟ್ಟಲು ಎಳೆದರೆ ಡೈ ಬಾಯಲ್ಲಿ ಲೋಹದ ಕಣ ಮೆತ್ತಿಕೊಂಡು ಹನ್ನೊಂದನೆಯದರ ಮೈಮೇಲೆ ಗೀರು ಬೀಳುತ್ತದೆ. ಜಾರಿಸಲು ಏನು ಹಚ್ಚಲಿ ಎಂದು ಅಕ್ಕ ಕೇಳಿದಾಗ, ನಿಮ್ಮ ಮನೆಯಲ್ಲೇ ಇದೆ ಎಂದೆ. ದೀಪಕ್ಕೆ ತರುವ ಪ್ಯಾರಾಫಿನ್ ಮೇಣವೇ ಒಳ್ಳೆಯ ಜಾರುಕ. ಬೆಚ್ಚಗಿನ ಬಿಲ್ಲೆಯ ಮೇಲೆ ತೆಳ್ಳಗೆ ಉಜ್ಜಿದರೆ ಸಾಕು, ತೊಳೆಯುವ ಕೆಲಸವೂ ಉಳಿಯಿತು. ಆದರೆ ಪಂಚ್ ಮೂಗು ತಾಗುವ ನಡುಭಾಗಕ್ಕೆ ಹಚ್ಚಬಾರದು. ಅಲ್ಲಿ ತಗಡು ಪಂಚ್‌ಗೆ ಅಂಟಿಕೊಂಡಿದ್ದಷ್ಟೂ ತಳದ ಮೂಲೆ ತೆಳುವಾಗದೆ ಉಳಿಯುತ್ತದೆ. ಜಾರಬೇಕಾದ್ದು ಹೊರಗಿನ ಉಂಗುರ ಮಾತ್ರ.

ಪಂಚ್ ನಡುವೆ 3 ಮಿಲಿಮೀಟರಿನ ಗಾಳಿ ತೂತು ಕೊರೆಯಿರಿ. ಇಲ್ಲದಿದ್ದರೆ ಬಟ್ಟಲು ಪಂಚನ್ನು ಹೀರಿಕೊಂಡು ಬಿಡುವುದೇ ಇಲ್ಲ, ಕಿತ್ತು ತೆಗೆದರೆ ತಳ ಒಳಗೆ ಕುಸಿಯುತ್ತದೆ. ಡೈ ಕೆಳಗಿನ ಅಂಚು ಮಾತ್ರ ಚೂಪಾಗಿರಲಿ. ಡೈ ದಾಟಿದ ಬಟ್ಟಲಿನ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಪಂಚ್ ಮೇಲೇರುವಾಗ ಬಾಯಿ ಆ ಅಂಚಿಗೆ ತಗುಲಿ ಬಟ್ಟಲು ತಾನೇ ಕೆಳಗೆ ಬೀಳುತ್ತದೆ.

ಡೈ ಬಾಯಿಗೆ ದುಂಡು ಕೊಟ್ಟು, ಸ್ಪ್ರಿಂಗ್ ಬದಲಿಸಿ, ಬಿಲ್ಲೆ ಕಾಯಿಸಿ ಮೊದಲ ಬಟ್ಟಲು ಒತ್ತಿದಾಗ ಅಕ್ಕನೇ ಹಿಡಿಕೆ ತಿರುಗಿಸಿದರು. ತೆಗೆದು ನೋಡಿದರೆ ಸುಕ್ಕಿಲ್ಲ, ಹರಿದಿಲ್ಲ. ಆದರೆ ಬಾಯಿ ಸಮವಾಗಿರಲಿಲ್ಲ. ನಾಲ್ಕು ಕಡೆ ಅಲೆಯಂತೆ ಎದ್ದಿತ್ತು.

"ಇದಕ್ಕ ನಾಕ್ ಕಿವಿ ಬಂದಾವಲ್ರಿ ಅಣ್ಣಾರ!"

ಅವರು ನೋಡಿದೊಡನೆ ಇಟ್ಟ ಹೆಸರೇ ಕಾರ್ಖಾನೆಯ ಭಾಷೆಯಲ್ಲೂ ಅದಕ್ಕಿರುವ ಹೆಸರು. ತಗಡನ್ನು ರೋಲರಿನಲ್ಲಿ ಒತ್ತಿದಾಗ ಹರಳುಗಳು ಒಂದು ದಿಕ್ಕಿಗೆ ವಾಲಿ ಕೂರುತ್ತವೆ. ಆಮೇಲೆ ಕಾಯಿಸಿದರೂ ಆ ವಾಲು ಪೂರ್ತಿ ಅಳಿಯುವುದಿಲ್ಲ, ಬೇರೊಂದು ದಿಕ್ಕಿಗೆ ತಿರುಗಬಹುದಷ್ಟೆ. ಕೆಲವು ದಿಕ್ಕಿನಲ್ಲಿ ಲೋಹ ಹೆಚ್ಚು ಹರಿಯುತ್ತದೆ, ಕೆಲವು ದಿಕ್ಕಿನಲ್ಲಿ ಕಡಿಮೆ. ಅದಕ್ಕೇ ನಾಲ್ಕು ಕಿವಿ. ಎತ್ತರದಲ್ಲಿ ಬಿಟ್ಟಿದ್ದ 2 ಮಿಲಿಮೀಟರ್ ಇದಕ್ಕಾಗಿಯೇ. ಮರದ ಗುಬುಟಿಗೆ ಬಟ್ಟಲು ಸಿಕ್ಕಿಸಿ, ತಿರುಗಿಸುತ್ತ ಬ್ಲೇಡು ತಾಗಿಸಿದರೆ ಕಿವಿಗಳು ಉಂಗುರದಂತೆ ಕಳಚಿ ಬೀಳುತ್ತವೆ.

ಕತ್ತರಿಸಿದ ಬಟ್ಟಲಿಗೆ ನೀರು ತುಂಬಿ ಹಳೆಯ ದಿನಪತ್ರಿಕೆಯ ಮೇಲೆ ಒಂದು ಗಂಟೆ ಇಡಬೇಕು. ಕಾಗದ ಒದ್ದೆಯಾಗದಿದ್ದರೆ ಮೇಣ ಹೊಯ್ಯಬಹುದು. ಅಕ್ಕ ಅಂದು ಮಾಡಿದ ಹನ್ನೆರಡರಲ್ಲಿ ಹನ್ನೊಂದರ ಕೆಳಗೆ ಕಾಗದ ಒಣಗಿತ್ತು. ಹನ್ನೆರಡನೆಯದನ್ನು ಬೆಳಕಿಗೆ ಹಿಡಿದು ನೋಡಿದರು, ತಳದ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಬರುತ್ತಿತ್ತು. ಅದನ್ನೂ ಬ್ಲೇಡಿಗೆ ಸಿಕ್ಕ ಕಿವಿಗಳನ್ನೂ ಬಿಲ್ಲೆ ತೆಗೆದು ಉಳಿದ ಜಾಳಿಯನ್ನೂ ಅದೇ ಚೀಲಕ್ಕೆ ತುಂಬಿ, ಭಂಗಾರದ ಅಂಗಡಿಗೆ ಹಿಂದೆ ಕೊಡಲು ತೂಕ ಮಾಡಿ ಇಟ್ಟುಕೊಂಡರು.